ಹೊಕ್ಕುಳ ಆದಮೇಲೆ ಮೊಣಕಾಲು

ಇಪ್ಪತ್ತೊಂದು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಅದರಲ್ಲಿ ಮೊದಲ ಹತ್ತು ವರ್ಷ ಒಂದು ಪಾಠವನ್ನು ನಾನು ಕಲಿಸಲೇ ಇಲ್ಲ. ಮನುಷ್ಯರ ಸಂತಾನೋತ್ಪತ್ತಿಯ ಚಿತ್ರವಿರುವ ಪುಟ ಬಂತೆಂದರೆ, "ಇದನ್ನ ಮನ್ಯಾಗ ಓದ್ಕೊಂಡು ಬರ್ರಿ, ಪರೀಕ್ಷಾಕ್ಕ ಬರಂಗಿಲ್ಲ" ಎಂದು ಹೇಳಿ, ಏನೂ ಬರೆಯದಿದ್ದ ಹಲಗೆಯನ್ನು ಚೆನ್ನಾಗಿ ಒರೆಸುತ್ತಿದ್ದೆ. ಅದು ಪ್ರತಿವರ್ಷ ಪರೀಕ್ಷೆಗೆ ಬರುತ್ತಿತ್ತು. ಮಕ್ಕಳು ಸರಿಯಾಗಿಯೇ ಬರೆಯುತ್ತಿದ್ದರು. ಯಾರಿಂದ ಕಲಿತರೋ ಎಂಬ ಚಿಂತೆ ಮಾತ್ರ ನನಗೆ ಉಳಿಯುತ್ತಿತ್ತು.

ಚಿಂತೆ ನನ್ನ ಕಸುಬು. ಮನೆ ಬಿಡುವ ಮೊದಲು ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಮೂರು ಸಲ ನೋಡುತ್ತೇನೆ. ಬಸ್ ನಿಲ್ದಾಣ ಮುಟ್ಟಿದ ಮೇಲೆ ಅತ್ತೆಗೆ ಫೋನ್ ಮಾಡಿ ನಾಲ್ಕನೆಯ ಸಲ ನೋಡಿಸುತ್ತೇನೆ. ಇಂಥವಳು ಒಂದೇ ಒಂದು ವಿಷಯದಲ್ಲಿ ಚಿಂತೆ ಮಾಡದೆ ಇದ್ದಳು. ಅದು ಮುಂದೆ ಬರುತ್ತದೆ.

ಆ ಹತ್ತು ವರ್ಷದ ನಾಚಿಕೆಯನ್ನು ನನಗೆ ತೋರಿಸಿಕೊಟ್ಟವರು ನಮ್ಮ ಬೆಟಗೇರಿಯ ಓಣಿಯ ಅಂಗನವಾಡಿ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನನ್ನ ಶಾಲೆಯಿರುವ ಹಳ್ಳಿಯಲ್ಲಿ ನಾನೂ ಅಕ್ಕೋರು. ಆದರೆ ನಮ್ಮ ಓಣಿಯಲ್ಲಿ ಆ ಮಾತು ಒಬ್ಬರಿಗೇ ಮೀಸಲಾಗಿತ್ತು. ನಾನು ಬರೀ 'ಹೈಸ್ಕೂಲ್ ಬಾಯಾರು'. ಅವರು ಓದಿದ್ದು ಹತ್ತನೆಯವರೆಗೆ, ನಾನು ಎರಡು ಪದವಿ. ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಪ್ರತಿಯೊಂದಕ್ಕೂ ಹೆಸರು ಇರಬೇಕು ಎಂದು ಓಣಿಗೆಲ್ಲ ಜಗಳವಾಡಿದ ಹೆಂಗಸಿನ ಹೆಸರನ್ನೇ ಬಿಟ್ಟು ಬರೆಯಬೇಕಾಗಿ ಬಂದಿದೆ.

ಗಿಡ್ಡ ಆಳು, ದಪ್ಪ ಕನ್ನಡಕ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದಕ್ಕೆ ಮಗ್ಗದ ನೂಲು ಸುತ್ತಿಕೊಂಡಿದ್ದರು, ಸೀರೆಯ ಬಣ್ಣ ನೋಡಿ ನೂಲಿನ ಬಣ್ಣ ಬದಲಾಗುತ್ತಿತ್ತು. ಕುದಿಸಿದ ಮೊಟ್ಟೆಯ ಸಿಪ್ಪೆಯನ್ನು ಒಂದೇ ಕೈಯಲ್ಲಿ ಬಿಡಿಸಿ, ಇನ್ನೊಂದು ಕೈಯಲ್ಲಿ ಮೂಗು ಸೋರುವ ಮಗುವಿನ ಮೂಗು ಒರೆಸುತ್ತಿದ್ದರು. ಎರಡು ಕೈ ಎಂದೂ ಅದಲುಬದಲಾಗಲಿಲ್ಲ ಎಂದು ನಂಬಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಕೂಸುಗಳನ್ನು ಜೋಳಿಗೆಯಲ್ಲಿ ಹಾಕಿ ತಕ್ಕಡಿಗೆ ತೂಗುಹಾಕುವಾಗ, ತಾಯಿಯನ್ನೂ ಕಣ್ಣಲ್ಲೇ ತೂಗುತ್ತಿದ್ದರು. "ಕೂಸು ಏರೈತಿ. ನೀ ಇಳದೀದಿ. ಮನ್ಯಾಗ ಕಡೀಗೆ ಉಣ್ಣಾಕಿ ನೀನ ಏನು?" ಎಂದರೆ ಆ ಹೆಂಗಸಿನ ಕಣ್ಣು ತುಂಬುತ್ತಿತ್ತು.

ಅಂಗನವಾಡಿ ನಡೆಯುತ್ತಿದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲೇ. ಪಕ್ಕದ ಕಟ್ಟೆಯ ಮೇಲೆ ಒಂದು ಚಿಕ್ಕ ಅಂಗಡಿ. ಅದರಲ್ಲಿ ಕೂರುತ್ತಿದ್ದವರು ಅವರ ತಮ್ಮ. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಬೆಳೆಸಿದ್ದು ಅಕ್ಕೋರೇ, ತಾವು ಮದುವೆಯಾಗದೆ. ತಮ್ಮನ ಹೆಂಡತಿ ಮುಂಡರಗಿಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವಳಿಗೆ ಸೊಕ್ಕು ಎಂದು ಓಣಿ ತೀರ್ಮಾನ ಮಾಡಿತ್ತು. ಆ ಮನುಷ್ಯ ಯಾರ ಮೇಲೂ ದನಿ ಏರಿಸಿದವನಲ್ಲ. ಮಕ್ಕಳು 'ಮಾಮಾ' ಎನ್ನುತ್ತಿದ್ದರು.

ಅಕ್ಕೋರ ಹತ್ತಿರ ಎರಡು ಗೊಂಬೆಗಳಿದ್ದವು. ನೇಕಾರರ ಮನೆಗಳಿಂದ ತಂದ ಸೀರೆಯ ತುಂಡುಗಳಲ್ಲಿ ಅವರೇ ಹೊಲಿದದ್ದು. ಒಂದು ಹುಡುಗ, ಒಂದು ಹುಡುಗಿ, ಮೈಯಲ್ಲಿ ಏನೇನಿರಬೇಕೋ ಅಷ್ಟೂ ಇದ್ದವು. ದಿನಾ ಮುಂಜಾನೆ ಮಕ್ಕಳು ಗೊಂಬೆ ಹಿಡಿದು ತಲೆಯಿಂದ ಪಾದದವರೆಗೆ ಹೆಸರು ಹೇಳಬೇಕು. ಮೊದಲ ಸಲ ಅದನ್ನು ಕೇಳಿದ ದಿನ ನಾನು ಮಗಳ ಚಪ್ಪಲಿ ಹುಡುಕುವ ನೆವದಲ್ಲಿ ಹೊರಗೆ ಓಡಿದ್ದೆ.

ಆ ವಾರವೇ ತಾಯಂದಿರ ಸಭೆ. ಅಕ್ಕೋರು ಮುಂದೆ ಕೂತವಳನ್ನು ಹಿಡಿದರು.

"ನಿನ್ನ ಮಗಗ ಅದಕ್ಕ ಏನಂತ ಕಲಿಸೀಯವಾ?"

"ಗುಬ್ಬಿ ಅಂತೀವ್ರಿ."

"ಹಾರಿ ಹೋದರ ಎಲ್ಲಿ ಹುಡುಕ್ತಿ?"

ಕೋಣೆಯೆಲ್ಲ ನಕ್ಕಿತು. ಅವರು ನಗಲಿಲ್ಲ. "ಆತು, ಮಗಳಿಗೆ?"

ನಗೆ ನಿಂತಿತು. ಗಂಡುಮಕ್ಕಳಿಗೆ ಗುಬ್ಬಿ, ಮೆಣಸಿನಕಾಯಿ ಎಂದು ಮನೆಮನೆಗೊಂದು ಮುದ್ದಿನ ಹೆಸರಿತ್ತು. ಹೆಣ್ಣುಮಕ್ಕಳಿಗೆ ಏನೂ ಇರಲಿಲ್ಲ. ಕೊನೆಗೆ ಗೋಡೆಯ ಕಡೆ ಕೂತವಳು, "ನಮ್ಮತ್ತಿ ನಾಚಿಕಿ ಅಂತಾರ್ರಿ. ನಾಚಿಕಿ ಮುಚ್ಕೊ ಅಂತ" ಎಂದಳು. ನಮ್ಮ ಮನೆಯಲ್ಲೂ ಅದೇ. ನಾನು ಹೇಳಲಿಲ್ಲ.

"ಅಂದ್ರ ಕಿವಿ ಐತಿ, ಮೂಗ ಐತಿ, ನಡುವ ಒಂದ ನಾಚಿಕಿ ಅಂಟಿಸಿ ಕಳಿಸ್ಯಾನ ದೇವರು, ಹೆಣ್ಣ ಕೂಸಿಗೆ ಅಷ್ಟ" ಎಂದರು ಅಕ್ಕೋರು. "ನಾನೂ ನೋಡೀನಿ. ಎಲ್ಲಾರೂ ಹೊಕ್ಕಳದ ತನಕ ಬರೋಬ್ಬರಿ ಬರ್ತೀರಿ. ಅಲ್ಲಿಂದ ಮೊಣಕಾಲಿಗೆ ಜಿಗೀತೀರಿ. ನಡುವ ಏನ ಹಳ್ಳ ಐತೇನು?"

"ಹಂಗಲ್ರಿ ಅಕ್ಕೋರ, ಇರೋ ಶಬ್ದ ಎಲ್ಲಾ ಬೈಗಳದಾಗ ಅದಾವು. ಅದನ್ನ ಕೂಸಿಗೆ ಹೆಂಗ ಹೇಳೂದು?"

ಇದು ಖರೆ. ನಮ್ಮ ಮಾತಿನಲ್ಲಿರುವ ಹೆಸರುಗಳನ್ನೆಲ್ಲ ಚಹಾದ ಅಂಗಡಿಯ ಮುಂದೆ ನಿಲ್ಲುವ ಗಂಡಸರು ಎತ್ತಿಕೊಂಡು ಹೋಗಿದ್ದಾರೆ. ಉಳಿದವು ನನ್ನ ಪಠ್ಯಪುಸ್ತಕದಲ್ಲಿ ಮಡಚಿಟ್ಟಂತೆ ಇವೆ. ಆ ಸಂಜೆ ಅಕ್ಕೋರು ನಮ್ಮ ಮನೆಗೆ ಬಂದರು. ನನ್ನ ಗಂಡ ಆಗಷ್ಟೇ ಪ್ರಿಂಟಿಂಗ್ ಪ್ರೆಸ್ಸಿನಿಂದ ಬಂದು ಚಹಾ ಕುಡಿಯುತ್ತಿದ್ದರು.

"ಬಾಯಾರ, ನಿಮ್ಮ ಪುಸ್ತಕದಾಗ ಏನಂತ ಬರದೈತಿ, ಹೇಳ್ರಿ."

ನನಗೆ ಹೇಳಲಾಗಲಿಲ್ಲ. ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಓದಿದರು. "ಯೋನಿ. ಶಿಶ್ನ." ಗಂಡನಿಗೆ ಚಹಾ ನೆತ್ತಿಗೇರಿತು. "ಇಷ್ಟ ಏನು? ಎರಡೆರಡು ಅಕ್ಷರ. ತಲಿ ಅನ್ನಾಕೂ ಎರಡ ಬೇಕು. ಇದಕ್ಕ ನೀವು ಹಿಂಗ ಬೆವರತೀರಿ." ಹೊರಡುವಾಗ ಹೊಸ್ತಿಲಲ್ಲಿ ನಿಂತು ಒಂದು ಮಾತು ಹೇಳಿದರು: "ಹೆಸರಿಲ್ಲದ ಊರಿಗೆ ಬಸ್ಸ ಹೋಗಂಗಿಲ್ರಿ ಬಾಯಾರ. ಅಲ್ಲಿ ಏನಾತು ಅಂತ ಕೂಸು ಹೆಂಗ ಹೇಳತೈತಿ?"

ನನ್ನ ಮಗಳಿಗೆ ಆಗ ಐದು ತುಂಬಲು ಎರಡು ತಿಂಗಳಿತ್ತು. ಹದಿನೈದು ದಿನದಲ್ಲಿ, ಎಣ್ಣೆ ಹಚ್ಚಿ ಎರೆಯುತ್ತಿದ್ದ ನನ್ನ ಅತ್ತೆಗೆ, "ಆಯಿ, ಅದು ನಾಚಿಕಿ ಅಲ್ಲ, ಯೋನಿ" ಎಂದಳು. ತಂಬಿಗೆ ಬಿದ್ದ ಸದ್ದು ಅಡುಗೆಮನೆಗೆ ಕೇಳಿಸಿತು. ಅತ್ತೆ ಶಿಗ್ಲಿಯವರು, ತಲೆಯ ಮೇಲಿನ ಸೆರಗು ನಿದ್ದೆಯಲ್ಲೂ ಜಾರದ ಹೆಂಗಸು. "ಸಾಲಿ ಕಲಿತ ಸೊಸಿ ತಂದ್ವಿ, ಇನ್ನೇನೇನ ಕೇಳಬೇಕೋ" ಎಂದು ಆ ದಿನ ಊಟಕ್ಕೆ ನನ್ನ ಜೊತೆ ಕೂರಲಿಲ್ಲ. ಅಕ್ಕೋರ ಮನೆಯ ಮುಂದೆ ಹಾಯುವುದನ್ನೂ ಬಿಟ್ಟು ಸುತ್ತು ಬಳಸಿ ಗುಡಿಗೆ ಹೋದರು.

ಹೆಸರಾದ ಮೇಲೆ ಅಕ್ಕೋರದು ಎರಡನೆಯ ಪಾಠ. "ಅಲ್ಲಿ ಯಾರರ ಕೈ ಹಚ್ಚಿದರ ಏನ ಮಾಡೂದು?" ಎಂದು ಕೇಳಿದರೆ ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು: "ಬ್ಯಾಡ ಅನ್ನೂದು. ಎದ್ದು ಬರೂದು. ಬಂದು ಹೇಳೂದು." "ಕಾಕಾ ಇದ್ರ?" "ಹೇಳೂದು." "ಮಾಮಾ ಇದ್ರ?" "ಹೇಳೂದು."

ಅವರದು ಇನ್ನೊಂದು ಕಟ್ಟಳೆ ಇತ್ತು. ಪಕ್ಕದ ಅಂಗಡಿಗೆ ಪೆಪ್ಪರಮಿಂಟಿಗೆ ಹೋಗುವ ಮಕ್ಕಳು ಜೋಡಿಯಾಗಿಯೇ ಹೋಗಬೇಕು. ಒಬ್ಬೊಬ್ಬರನ್ನು ಅವರು ಬಿಡುತ್ತಿರಲಿಲ್ಲ. ಹತ್ತು ಹೆಜ್ಜೆಯ ದೂರಕ್ಕೆ ಕೈ ಕೈ ಹಿಡಿದು ಹೋಗುವ ಆ ಜೋಡಿಗಳನ್ನು ನೋಡಿ, ಎಷ್ಟು ಚಂದದ ಶಿಸ್ತು ಎಂದು ನಾನು ಸಂತೋಷಪಟ್ಟಿದ್ದೇನೆ. ಶಾಲೆಯ ಸಭೆಯೊಂದರಲ್ಲಿ ಉದಾಹರಣೆಯಾಗಿ ಹೇಳಿಯೂ ಇದ್ದೇನೆ.

ಅದೊಂದು ಭಾನುವಾರ ಮುಂಜಾನೆ. ಒಲೆ ಹಚ್ಚಲು ಹೋದರೆ ಕಡ್ಡಿಪೆಟ್ಟಿಗೆ ಖಾಲಿ. ಮಗಳನ್ನು ಅಂಗಡಿಗೆ ಕಳಿಸಿದೆ. ಬಾಗಿಲಲ್ಲಿ ನಿಂತು ಅವಳು ಕಟ್ಟೆ ಹತ್ತುವವರೆಗೆ ನೋಡಿದೆ. ನಾಯಿ ಬರುತ್ತದೋ, ಬೈಕು ಬರುತ್ತದೋ, ಕಟ್ಟೆಯಿಂದ ಬೀಳುತ್ತಾಳೋ, ಎಲ್ಲ ಚಿಂತೆಯನ್ನೂ ಕ್ರಮವಾಗಿ ಮಾಡಿ ಮುಗಿಸಿ ಒಳಗೆ ಬಂದೆ.

ಮಗಳು ಕಡ್ಡಿಪೆಟ್ಟಿಗೆ ಇಲ್ಲದೆ ಬಂದಳು. ಅಳುತ್ತಿರಲಿಲ್ಲ. ಪಾಠ ಒಪ್ಪಿಸುವವರ ಹಾಗೆ ಕೈ ಕೆಳಗಿಟ್ಟು ನಿಂತು, ಮಾಮಾ ಎಲ್ಲಿ ಕೈ ಹಚ್ಚಿದರು ಎಂಬುದನ್ನು ಅಕ್ಕೋರು ಕಲಿಸಿದ ಹೆಸರಿನಲ್ಲೇ ಹೇಳಿದಳು. "ನಾ ಬ್ಯಾಡಂದೆ. ಎದ್ದು ಬಂದೆ." ನನ್ನ ಮುಖ ನೋಡಿ ಕೇಳಿದಳು, "ಕಡ್ಡಿಪೆಟಗಿ ಅಲ್ಲೇ ಬಿಟ್ಟ ಬಂದೆ. ಬೈತೀ ಏನವಾ?"

ಅಕ್ಕೋರು ಹೇಳಿದ ಬಸ್ಸು ಬಂದಿತ್ತು. ಅವರ ಮನೆಯಿಂದಲೇ ಹೊರಟು ಬಂದಿತ್ತು.

ಆಗ ನಾನು ಮಾಡಿದ ತಪ್ಪನ್ನು ನಮ್ಮ ಓಣಿಯ ಯಾವ ತಾಯಿಯಾದರೂ ಮಾಡುತ್ತಿದ್ದಳು. ನನಗೆ ಪೊಲೀಸ್ ಠಾಣೆ ನೆನಪಾಗಲಿಲ್ಲ, ಗಂಡ ನೆನಪಾಗಲಿಲ್ಲ. ನೆನಪಾದವರು ಅಕ್ಕೋರು. ಮಗಳನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಂದ ಅವರ ಮನೆಗೆ ಓಡಿದೆ. ತಮ್ಮನಾದರೇನು, ತಮ್ಮನಾದ್ದರಿಂದಲೇ ಅವರಿಗೆ ನನಗಿಂತ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಸೆರಗು ಸಿಕ್ಕಿಸಿಕೊಂಡು ಮುಂದೆ ಅವರು, ಹಿಂದೆ ನಾನು, ಹೀಗೆ ಹೋಗುವ ಚಿತ್ರವೂ ಕಣ್ಣಿಗೆ ಬಂದಿತ್ತು.

ಅವರು ಒಳಕೋಣೆಯಲ್ಲಿ ಹೊಲಿಯುತ್ತ ಕೂತಿದ್ದರು. ಮಗಳು ಇನ್ನೊಮ್ಮೆ ಹೇಳಿದಳು, ಅದೇ ಮಾತು, ಅದೇ ಕ್ರಮದಲ್ಲಿ. ನಾನು ಅಕ್ಕೋರ ಮುಖ ನೋಡುತ್ತಿದ್ದೆ. ಸೂಜಿ ನಿಂತಿತು. ಅವರು ಮಗುವನ್ನು ನೋಡಲಿಲ್ಲ. ಅಂಗಡಿಯ ಕಡೆಗಿದ್ದ ಬಾಗಿಲು ನೋಡಿದರು, ಎದ್ದು ಹೋಗಿ ಅದನ್ನು ಮುಚ್ಚಿದರು.

"ಒಬ್ಬಾಕೀನ ಯಾಕ ಕಳಿಸಿದ್ರಿ?"

ಅವರ ಬಾಯಿಂದ ಬಂದ ಮೊದಲ ಮಾತು ಅದು. ಅದು ನನಗೆ ಅರ್ಥವಾಗುವಷ್ಟರಲ್ಲಿ ಎರಡನೆಯದು ಬಂತು.

"ಕೂಸು ಏನರ ಹೇಳತಾವ್ರಿ ಬಾಯಾರ. ನೀವು ಮೊದಲ ಚಿಂತಿ ಮಾಡಾಕಿ. ಕೆದಕಿ ಕೆದಕಿ ಕೇಳೀರಿ, ಅದಕ್ಕ ಹೇಳೈತಿ. ಅಲ್ಲಾ, ಇಂಥಾ ಶಬ್ದ ಇಕಿ ಎಲ್ಲಿ ಕಲತ್ಳು? ಮನ್ಯಾಗ ಟಿವಿ ಭಾಳ ಹಚ್ಚತೀರೇನು?"

ಮಗಳು ತಲೆಯೆತ್ತಿ ಹೇಳಿದಳು: "ನೀವ ಕಲಿಸೀರೆಲ್ರಿ ಅಕ್ಕೋರ."

ಅಕ್ಕೋರು ಮತ್ತೆ ಹೊಲಿಗೆ ಎತ್ತಿಕೊಂಡರು. ಸೂಜಿಗೆ ನೂಲು ಪೋಣಿಸಲು ಹೋದರು. ನೂಲು ಆಗಲೇ ಸೂಜಿಯಲ್ಲಿತ್ತು. ನಡುವಿನ ಹಳ್ಳವನ್ನು ಅವರೂ ಜಿಗಿದುಬಿಟ್ಟಿದ್ದರು, ನನ್ನ ಮಗಳನ್ನು ಈಚೆ ದಂಡೆಯಲ್ಲಿ ಬಿಟ್ಟು.

ಮನೆಗೆ ಬಂದರೆ ಗಂಡನದು ಇನ್ನೊಂದು. "ಮಂದಿ ಏನಂತಾರ? ನಾಳೆ ಇಕೀದು ಲಗ್ನ ಅನ್ನೂದು ಇರ್ತತಿ." ಐದು ತುಂಬದವಳ ಲಗ್ನ. ಓಣಿಯ ಲಗ್ನಪತ್ರಿಕೆಗಳನ್ನು ಅಚ್ಚುಹಾಕಿ ಅಚ್ಚುಹಾಕಿ ಅವರಿಗೆ ಎಲ್ಲ ಮಕ್ಕಳೂ ಹಾಗೆಯೇ ಕಾಣುತ್ತಿದ್ದರೋ ಏನೋ. ನಾನು ಅಳುತ್ತ ಕೂತೆ. ಅಳುವುದು ಬಿಟ್ಟು ಬೇರೇನೂ ತೋಚದ ಹೊತ್ತಿಗೆ ಅತ್ತೆ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದು ಎದುರು ನಿಂತರು.

"ಏಳು. ಠಾಣೆಕ್ಕ ಹೋಗೂಣು."

"ಅತ್ತಿ, ನೀವು..."

"ಆ ಶಬ್ದ ನನಗ ಈಗೂ ಸೇರಂಗಿಲ್ಲ. ಆದ್ರ ನನ್ನ ಮೊಮ್ಮಗಳು ಸುಳ್ಳ ಹೇಳಂಗಿಲ್ಲ. ನಾ ಸಣ್ಣಾಕಿದ್ದಾಗ ನಮಗ ಹೇಳಾಕ ಶಬ್ದ ಇರಲಿಲ್ಲ, ಅದಕ್ಕ ಸುಮ್ಮನ ಇದ್ವಿ." ಇಷ್ಟು ಹೇಳಿ ಸೆರಗು ಎಳೆದುಕೊಂಡರು. ಆ ಕೊನೆಯ ಮಾತನ್ನು ಬಿಡಿಸಿ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ದೂರು ಕೊಟ್ಟ ಮರುದಿನ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಸಾದಾ ಚೂಡಿದಾರದಲ್ಲಿ ನಮ್ಮ ಮನೆಗೇ ಬಂದು, ಚಾಪೆಯ ಮೇಲೆ ಮಗಳ ಜೊತೆ ಕೂತು ಕೇಳಿ ಬರೆದುಕೊಂಡರು. ಮಗಳು ಹೇಳಿದ್ದು ಅದೇ ಮೂರು ಮಾತು. ಅಧಿಕಾರಿ ಪೆನ್ನು ಕೆಳಗಿಟ್ಟು, "ಇಷ್ಟ ಸ್ವಚ್ಛ ಹೇಳೋ ಕೂಸು ನಾ ಕಂಡಿಲ್ಲ. ಇದನ್ನೆಲ್ಲ ಯಾರು ಕಲಿಸಿದ್ರವಾ?" ಎಂದರು.

"ನಮ್ಮ ಅಕ್ಕೋರು," ಎಂದಳು ಮಗಳು, ಹೆಮ್ಮೆಯಿಂದ.

ಅಧಿಕಾರಿ ಅಲ್ಲಿಂದ ಎದ್ದು ಅಕ್ಕೋರ ಮನೆಗೇ ಹೋದರು. "ನಾ ಬರೇ ಹಾಡ ಕಲಿಸ್ತೀನ್ರಿ, ಅ ಆ ಇ ಈ ಕಲಿಸ್ತೀನಿ. ಮತ್ತೇನೂ ಇಲ್ಲ" ಎಂದರು ಅಕ್ಕೋರು. ಗೊಂಬೆಗಳನ್ನು ತೋರಿಸಿ ಎಂದಾಗ ತಂದು ತೋರಿಸಿದರು. ನಾನೂ ಬಾಗಿಲಲ್ಲಿ ನಿಂತಿದ್ದೆ. ಎರಡಕ್ಕೂ ಹೊಸ ಬಟ್ಟೆಯ ಲಂಗ, ಚಡ್ಡಿ ಬಂದಿದ್ದವು. ಬಿಚ್ಚಲು ಬರದ ಹಾಗೆ ಸುತ್ತಲೂ ಮೈಗೆ ಸೇರಿಸಿ ಒತ್ತೊತ್ತಾಗಿ ಹೊಲಿಗೆ ಹಾಕಿದ್ದರು. ಅವರ ಹೊಲಿಗೆ ಯಾವಾಗಲೂ ಚಂದ.

ಕೋರ್ಟಿನಲ್ಲೂ ಅವರು ಅದನ್ನೇ ಹೇಳಿದರು. ಆದರೂ ನ್ಯಾಯಾಧೀಶರು ಮಗುವಿನ ಮಾತನ್ನು ನಂಬಿದರು. ಅವನಿಗೆ ಶಿಕ್ಷೆಯಾಯಿತು. ಅಕ್ಕೋರು ನನ್ನ ಮಗಳನ್ನು ನಂಬಲಿಲ್ಲ ಎಂದಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಮನುಷ್ಯರು ತಮ್ಮವರ ಬಗ್ಗೆ ಕುರುಡಾಗುತ್ತಾರೆ, ಅದು ಇದ್ದದ್ದೇ. ಅವರು ಆ ಕ್ಷಣವೇ ನಂಬಿದ್ದರು. 'ಒಬ್ಬಾಕೀನ ಯಾಕ ಕಳಿಸಿದ್ರಿ' ಎಂದವರಿಗೆ ಗೊತ್ತಿತ್ತು. ಜೋಡಿ ಜೋಡಿಯಾಗಿ ಕಳಿಸುತ್ತಿದ್ದವರಿಗೆ ಗೊತ್ತಿತ್ತು. ಮುಂಡರಗಿಗೆ ಹೋದವಳು ಯಾಕೆ ಹೋದಳು ಎಂಬುದೂ ಗೊತ್ತಿದ್ದಿರಬೇಕು. ಆ ಗೊಂಬೆ, ಆ ಹೆಸರು, ಆ 'ಮಾಮಾ ಇದ್ರ?' ಎಲ್ಲ ಹುಟ್ಟಿದ್ದೇ ಆ ಭಯದಿಂದಲೋ ಏನೋ. ಮನೆಯಲ್ಲಿ ಹಾವಿದೆ ಎಂದು ಗೊತ್ತಿದ್ದವರು ಓಣಿಯ ಮಕ್ಕಳಿಗೆಲ್ಲ ಕೋಲು ಹಂಚಿದರು. ಕೋಲು ಹಾವಿಗೆ ಬಿದ್ದ ದಿನ, ಈ ಕೋಲು ನಾನು ಕೊಟ್ಟದ್ದಲ್ಲ ಎಂದರು. ಹಾವು ಇದೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅವರು ಕೆಲಸದಿಂದ ನಿವೃತ್ತರಾದರು, ಅದೇ ಮನೆಯಲ್ಲಿ ಉಳಿದರು. ನಾವೂ ಅದೇ ಓಣಿಯಲ್ಲಿ ಉಳಿದೆವು. ಓಣಿಯ ಅರ್ಧ ಜನ, "ಅಕ್ಕೋರ ಮನಿ ಮುರದ್ರು" ಎಂದು ನಮ್ಮನ್ನು ಮಾತಾಡಿಸುವುದು ಬಿಟ್ಟರು. ಹೊಸದಾಗಿ ಬಂದ ಟೀಚರ್ ಗೊಂಬೆಯನ್ನು ಕಪಾಟಿನ ಮೇಲೆ ಎಸೆದರು. ಗುಬ್ಬಿ, ನಾಚಿಕೆ ಎಲ್ಲ ತಮ್ಮ ತಮ್ಮ ಮನೆಗೆ ವಾಪಸು ಬಂದವು. ಒಂದು ಯುಗಾದಿಗೆ ಅಕ್ಕೋರು ನಮ್ಮ ಮನೆಗೆ ಹೋಳಿಗೆಯ ಡಬ್ಬಿ ಕಳಿಸಿದರು. ಡಬ್ಬಿಯನ್ನು ಖಾಲಿ ತಿರುಗಿಸಬಾರದು ಎಂದು ನಮ್ಮಲ್ಲಿ ರೂಢಿ. ಅತ್ತೆ ರೂಢಿ ಮುರಿಯಲಿಲ್ಲ. ಹೋಳಿಗೆ ಸಮೇತ ಹಾಗೇ ತಿರುಗಿಸಿದರು.

ನಾನು ಆ ವರ್ಷದಿಂದ ಶಾಲೆಯಲ್ಲಿ ಆ ಪಾಠ ಕಲಿಸತೊಡಗಿದೆ. ದೊಡ್ಡ ಧ್ಯೇಯವೇನೂ ಇರಲಿಲ್ಲ, ಸಿಟ್ಟಿಗೆ ಕಲಿಸಿದೆ. ಮೊದಲ ಸಲ ಆ ಎರಡಕ್ಷರ ಹೇಳುವಾಗ ಹಲಗೆಯ ಕಡೆ ತಿರುಗಿ ಹೇಳಿದೆ. ನಾಲ್ಕನೆಯ ವರ್ಷ ಮಕ್ಕಳ ಕಡೆ ತಿರುಗಿದೆ.

ಹೋದ ತಿಂಗಳು ಅವರು ಹೋದ ಸುದ್ದಿ ಬಂದಾಗ ಮಗಳು ಕಾಲೇಜಿಗೆ ಹೊರಟಿದ್ದಳು. ಈಗ ಅವಳಿಗೆ ಹದಿನಾರು.

"ನೀ ಹೋಗಿ ಬಾ. ನಾ ಒಲ್ಲೆ," ಎಂದಳು. ಬ್ಯಾಗು ಹೆಗಲಿಗೇರಿಸಿ ಮತ್ತೆ ನಿಂತಳು. "ನಿನಗ ಬರೀಬೇಕು ಅನ್ನಿಸಿದ್ರ ಬರಿ. ಅವರ ಹೆಸರ ಬ್ಯಾಡ, ನಂದೂ ಬ್ಯಾಡ. ಉಳದದ್ದಕ್ಕೆಲ್ಲ ಹೆಸರ ಹಿಡದ ಬರಿ."

ಅಕ್ಕೋರನ್ನು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು, ಕನ್ನಡಕ ಹಾಗೇ ಇತ್ತು. ಮುಂದೆ ಚಾಪೆಯ ಮೇಲೆ ಓಣಿಯ ಹೆಂಗಸರು. ಅಂಗನವಾಡಿ ನಡೆಯುತ್ತಿದ್ದ ಕೋಣೆ ಅದೇ. ಅವರು ಕೂತ ಜಾಗವೂ ಅದೇ. ಹಾಜರಿ ಕರೆಯುತ್ತಾರೇನೋ ಎನ್ನುವ ಹಾಗಿತ್ತು. ನನ್ನನ್ನು ನೋಡಿ ಇಬ್ಬರು ಸರಿದು ಕೂತರು. ಜಾಗ ಕೊಡಲೆಂದೋ, ದೂರವಾಗಲೆಂದೋ ತಿಳಿಯಲಿಲ್ಲ. ಕೂತೆ. ಕ್ಷಮಿಸಿದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಯೋಚನೆಯೂ ನಡುವೆ ಬಂದು ಹೋಯಿತು.

"ಎಷ್ಟ ಹುಡುಗೂರಿಗೆ ಅಕ್ಷರ ಕಲಿಸಿದ ಜೀವ," ಎಂದಳು ಒಬ್ಬಳು.

"ಎಂಥಾ ಹಾಡ ಕಲಿಸ್ತಿದ್ರು," ಎಂದಳು ಇನ್ನೊಬ್ಬಳು.

ಆಮೇಲೆ ಮೂಲೆಯ ಮುದುಕಿ, ಕೊಂಕೋ ಮರೆವೋ ಗೊತ್ತಿಲ್ಲ, ನನ್ನ ಕಡೆ ತಿರುಗಿದಳು. "ಬಾಯಾರ, ನಿಮ್ಮ ಮಗಳೂ ಇವರ ಕೈಯಾಗ ಕಲತಾಕಿ ಹೌದಿಲ್ರಿ?"

ಅಧಿಕಾರಿಯ ಮುಂದೆ, ಕೋರ್ಟಿನ ಮುಂದೆ ಅಕ್ಕೋರು ಇಲ್ಲ ಎಂದ ಪ್ರಶ್ನೆ ಅದು. ಈಗ ಅವರು ಇಲ್ಲ ಎನ್ನುವಂತಿರಲಿಲ್ಲ.

"ಹೌದ್ರಿ," ಎಂದೆ. "ಮೈಯಾಗಿನ ಎಲ್ಲಾದಕ್ಕೂ ಹೆಸರ ಇವರ ಕಲಿಸಿದ್ರು. ಒಂದೂ ಬಿಡದಂಗ."

ನನ್ನ ಪಕ್ಕದಲ್ಲಿ, ಹೋದ ವರ್ಷವಷ್ಟೇ ಸೊಸೆಯಾಗಿ ಓಣಿಗೆ ಬಂದ ಹುಡುಗಿ, ತೊಡೆಯ ಮೇಲಿನ ಹೆಣ್ಣುಕೂಸಿನ ಅಂಗಿ ಸರಿಮಾಡುತ್ತ ಮೆಲ್ಲಗೆ ಕೇಳಿದಳು, "ಏನೇನಂತ ಕಲಿಸಿದ್ರು ಅಕ್ಕಾ?"

ಅಕ್ಕೋರ ಮುಖ ನೋಡಿದೆ. ಅಂಗೈ ಬೆವೆತಿತ್ತು. ಕೂಸಿನ ತಲೆ ಮುಟ್ಟಿ ಶುರುಮಾಡಿದೆ. ತಲಿ, ಹಣಿ, ಕಣ್ಣು, ಮೂಗು. ಎದಿ, ಹೊಟ್ಟಿ, ಹೊಕ್ಕಳ. ಅಲ್ಲಿಗೆ ಬಂದು ಕೈ ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಬಾಯಿ ಮಾತ್ರ ನಿಲ್ಲಿಸಲಿಲ್ಲ. ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಮುಂದಿನದನ್ನು ಹೇಳಿದೆ. ಮೊಣಕಾಲು ಆಮೇಲೆ ಬಂತು.